ಮಾಳಿಗೆಯ ನೀರು, ಗಾಜಿನ ಮೀನು

ಮಳೆಯ ವಿಷಯದಲ್ಲಿ ವಿಜಯಪುರದ ಅಥಣಿ ರಸ್ತೆಯ ಜನರಿಗೆ ಒಮ್ಮತ ಎಂಬುದಿಲ್ಲ. ಅಕ್ಟೋಬರ್ ಬಂತೆಂದರೆ ಹಿಂಗಾರಿ ಜೋಳ, ಕಡಲೆ ಬಿತ್ತಿದವರು ಮುಗಿಲು ನೋಡಿ 'ಇನ್ನೊಂದು ಹದಾ ಆಗಲಿ' ಎಂದು ಬೇಡಿಕೊಳ್ಳುತ್ತಾರೆ. ಅದೇ ಹೊತ್ತಿಗೆ ತಿಕೋಟಾ ಸೀಮೆಯ ದ್ರಾಕ್ಷಿಯವರು ಬಳ್ಳಿ ಸವರುವ ಚಾಟ್ನಿ ಮುಗಿಸಿ, ಎಳೆ ಚಿಗುರು ಕಾಯುತ್ತ ಕೂತಿರುತ್ತಾರೆ. ಅವರ ಪಾಲಿಗೆ ಅದೇ ಮುಗಿಲು ದಾವಣಿ ರೋಗದ ಸಮನ್ಸು. ಮುಂದೆ ಹಣ್ಣು ಕೊಯ್ದು ಶೆಡ್ಡಿನ ಜಾಳಿಗೆಯ ಮೇಲೆ ಒಣದ್ರಾಕ್ಷಿಗೆ ಹರವಿದ ಮೇಲಂತೂ ದೂರದಲ್ಲಿ ಗುಡುಗಿದರೂ ಸಾಕು, ಅವರ ಎದೆ ಧಸಕ್ಕೆನ್ನುತ್ತದೆ. ಒಂದೇ ಬದುವಿನ ಆಚೆ ಈಚೆ ಅಣ್ಣ 'ಬಾರಪ್ಪಾ' ಎನ್ನುವಾಗ ತಮ್ಮ 'ಸದ್ಯ ಬ್ಯಾಡಪ್ಪಾ' ಎನ್ನುತ್ತಿರುತ್ತಾನೆ. ವರುಣ ಯಾರ ಅರ್ಜಿ ಓದಬೇಕು? ಪಾಪ, ಅವನು ಎರಡನ್ನೂ ಬದಿಗಿಟ್ಟು ಸಾಂಗ್ಲಿಯ ಕಡೆ ಹೋಗಿಬಿಡುತ್ತಾನೆ.

ಈ ಇಬ್ಬರ ನಡುವೆ ಮೂರನೆಯದೊಂದು ಸಣ್ಣ ಪಂಗಡವಿದೆ. ಎಷ್ಟು ಸಣ್ಣದೆಂದರೆ, ಯಾವ ಪಕ್ಷದವರೂ ಮತ ಕೇಳಲು ಬರುವುದಿಲ್ಲ. ಮಳೆ ಬಂತೆಂದರೆ ಒಣಗಹಾಕಿದ ಬಟ್ಟೆ ತೆಗೆಯಲು ಎಲ್ಲರೂ ಮಾಳಿಗೆ ಹತ್ತುತ್ತಾರಲ್ಲ, ಇವರು ಮಾತ್ರ ಬಟ್ಟೆ ಬಿಟ್ಟು ಪೈಪಿನ ಬಾಯಿ ನೋಡಲು ಹತ್ತುತ್ತಾರೆ. ಕೇಳಿದರೆ 'ಮೀನಕ್ಕ ನೀರು ಬೇಕಾಗೇತಿ' ಎನ್ನುತ್ತಾರೆ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕಿದವರ ಪಂಗಡ ಇದು. ನಾನೂ ಇದರ ಒಬ್ಬ ಬಡ ಸದಸ್ಯ.

ಮೀನು ಸಾಕಲು ಮಳೆಯ ನೀರೇ ಯಾಕೆ ಬೇಕು ಎನ್ನುವವರಿಗೆ ನಮ್ಮ ಊರಿನ ನೀರಿನ ಸಮಾಜವನ್ನು ಮೊದಲು ಪರಿಚಯಿಸಬೇಕು. ಬೇರೆ ಊರುಗಳಲ್ಲಿ ನೀರು ಎಂದರೆ ನೀರು. ನಮ್ಮಲ್ಲಿ ಅದಕ್ಕೆ ಮೇಲು ಕೀಳು, ಪಂಕ್ತಿಭೇದ ಎಲ್ಲ ಉಂಟು. ಎಲ್ಲಕ್ಕೂ ಮೇಲಿನದು ಕ್ಯಾನಿನಲ್ಲಿ ಬರುವ ಫಿಲ್ಟರ್ ನೀರು. ಅದು ಬೀಗರಿಗೆ, ಸಾಹೇಬರಿಗೆ ಮತ್ತು ಚಹಾಕ್ಕೆ. ಅದರ ಕೆಳಗೆ ನಳದ ನೀರು. ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಎತ್ತಿ ಇಷ್ಟು ದೂರ ತಂದದ್ದು. ಬರುವ ದಿನ ಮನೆಯ ಹಂಡೆ, ಕೊಡ, ಪಾತೇಲಿಗಳೆಲ್ಲ ಬಾಯಿ ತೆರೆದು ಸಾಲಾಗಿ ಕೂಡುತ್ತವೆ. ಅದಕ್ಕೂ ಕೆಳಗೆ ಟ್ಯಾಂಕರಿನ ನೀರು. ಅದರ ಗೋತ್ರ ಯಾರೂ ಕೇಳಬಾರದು. ಎಲ್ಲಕ್ಕಿಂತ ಕೆಳಗೆ, ಆದರೆ ಸದಾ ಮನೆಯಲ್ಲೇ ಇರುವುದು, ಬೋರಿನ ಸವಳು ನೀರು. ಮನೆಯ ಕೆಲಸವೆಲ್ಲ ಅದರದೇ. ಹೊಗಳಿಕೆ ಮಾತ್ರ ಇಲ್ಲ.

ಸವಳು ನೀರಿನ ಗುರುತು ಹಿಡಿಯಲು ಪ್ರಯೋಗಾಲಯ ಬೇಡ. ಬಚ್ಚಲಿಗೆ ಹೋದರೆ ಬಕೀಟಿನ ಅಂಚಿಗೆ ಬಿಳಿ ಹಕ್ಕಳೆ, ನಳದ ಮೂತಿಗೆ ಬಿಳಿ ಗಡ್ಡ. ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಬಂದ ನೊರೆ ಹೋಗುವುದಿಲ್ಲ. ಗೀಸರಿನ ಕಾಯಿಲ್ ಬಿಚ್ಚಿದರೆ ಸುಣ್ಣದ ಕೊಳವೆ. ತೊಗರಿ ಬೇಳೆಯನ್ನು ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಅದು ಕಾಳಾಗಿಯೇ ಉಳಿದು ಮುಖ ನೋಡುತ್ತದೆ. ಕಪ್ಪು ಕಲ್ಲಿನ ಮೇಲೆ ಕಪ್ಪು ಮಣ್ಣು ಹಾಸಿದ ಸೀಮೆ ನಮ್ಮದು. ಆ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಜಿಲ್ಲೆಯಲ್ಲಿ ಹರಿಯುವ ಡೋಣಿ ಹೊಳೆಯೇ ಸವಳು. ಅದರ ದಂಡೆಯ ಭೂಮಿಯಲ್ಲಿ ಪೀಕು ಬಂದರೆ ಓಣಿಗೆಲ್ಲ ಕಾಳು ಎಂದು ಹಿರಿಯರು ಹೇಳುತ್ತಾರೆ. ಭೂಮಿಯನ್ನು ಹೊಗಳಿದ ಆ ಹಿರಿಯರು ಹೊಳೆಯ ನೀರಿನ ರುಚಿಯ ಬಗ್ಗೆ ಜಾಣತನದಿಂದ ಸುಮ್ಮನಿದ್ದಾರೆ.

ಈ ನೀರಿಗೆ ಸೋತವರಲ್ಲಿ ದ್ರಾಕ್ಷಿಯೂ ಒಂದು. ತೋಟಕ್ಕೆ ಹೋದವರು ಬಳ್ಳಿಯ ಗೊನೆ ನೋಡಿ ಬರುತ್ತಾರೆ, ಬುಡ ನೋಡುವುದಿಲ್ಲ. ಬಗ್ಗಿ ನೋಡಿದರೆ ನೆಲದಿಂದ ಗೇಣು ಮೇಲೆ ಕಾಂಡದಲ್ಲೊಂದು ಗಂಟು ಕಾಣುತ್ತದೆ. ಗಂಟಿನ ಮೇಲಿನದು ಸಿಹಿ ಹಣ್ಣಿನ ಥಾಮ್ಸನ್ ಸೀಡ್‌ಲೆಸ್ ಇಲ್ಲವೆ ಅದರ ಬಳಗದ ತಳಿ. ಕೆಳಗಿನದು ಡಾಗ್‌ರಿಜ್ ಎಂಬ ಅಮೆರಿಕದ ಕಾಡುಬಳ್ಳಿಯ ಬೇರು. ಸವಳು ನೀರನ್ನೂ ನೀರಿನ ಕೊರತೆಯನ್ನೂ ತಡೆದುಕೊಳ್ಳುವುದು ಆ ಬೇರು. ಹೆಸರು ಮಾಡುವುದು ಮೇಲಿನ ಹಣ್ಣು. ಹೀಗೆ ಒಂದು ಬಳ್ಳಿಗೇ ಈ ನೆಲದಲ್ಲಿ ನಿಲ್ಲಲು ಬೇರೆಯವರ ಕಾಲು ಬೇಕಾದರೆ, ಅಮೆಜಾನಿನಿಂದ ಬಂದ ಮೀನಿನ ಗತಿ ಏನು?

ನಮ್ಮ ಮನೆಗೆ ಮೀನು ಬಂದದ್ದು ಮೊಮ್ಮಗನ ಹಟದಿಂದ. ಜಾತ್ರೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೇಲುವ ಮೀನು ನೋಡಿ ಬಂದವನು ಊಟ ಬಿಟ್ಟ. ಅವನು ಊಟ ಬಿಟ್ಟರೆ ಅವನ ಅಜ್ಜಿಯೂ ಬಿಡುತ್ತಾಳೆ. ಅಜ್ಜಿ ಬಿಟ್ಟ ಮೇಲೆ ನನಗೆ ಬಡಿಸುವವರು ಯಾರು? ಮರುದಿನವೇ ಅಕ್ವೇರಿಯಂ ಅಂಗಡಿಗೆ ಹೋದೆವು. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಗಾಜಿನ ತೊಟ್ಟಿ. ಒಳಗೆ ನೀಲಿ ಹರಳು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಕಪ್ಪೆ, ಗುರುಗುಟ್ಟುವ ಗಾಳಿ ಮೋಟರು. ಮೀನುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ನಿಯಾನ್ ಟೆಟ್ರಾ. ಮೈಯುದ್ದಕ್ಕೂ ನೀಲಿ ಗೆರೆ, ಹಿಂದಿನರ್ಧ ಕೆಂಪು, ಒಟ್ಟಾಗಿ ತಿರುಗಿದರೆ ತೊಟ್ಟಿಯೇ ಮಿಂಚುತ್ತದೆ.

ಅಂಗಡಿಯ ಹುಡುಗ ಪ್ರಾಮಾಣಿಕ. ಮಾರುವ ಮೊದಲೇ ಕೇಳಿದ: "ಮನ್ಯಾಗ ಯಾವ ನೀರ್ ಐತ್ರಿ ಸರ?"

"ಬೋರಿಂದು. ನಾವ ಅದನ್ನ ಬಳಸತೀವಿ."

"ಆ ನೀರಾಗ ಮನಷ್ಯಾರು ಬದುಕತಾರ್ರಿ. ಟೆಟ್ರಾ ಬದುಕೂದಿಲ್ಲ."

ಮಹಾನಗರ ಪಾಲಿಕೆಯ ಸಾಮಾನ್ಯ ಸಭೆಯಲ್ಲಿಯೂ ಇಷ್ಟು ಖಡಾಖಂಡಿತವಾದ ಮಾತನ್ನು ನಾನು ಕೇಳಿಲ್ಲ. ಅವನ ಪ್ರಕಾರ ಬೋರಿನ ನೀರಿಗೆ ತಕ್ಕದ್ದು ಮೊಲಿ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಈ ಮೀನಿಗೆ ಗಡಸು ನೀರೇ ಇಷ್ಟ. ಸ್ವಲ್ಪ ಉಪ್ಪಿದ್ದರೂ ತಕರಾರಿಲ್ಲ. ಗಪ್ಪಿಯೂ ಹೆಚ್ಚು ಕಡಿಮೆ ಅದೇ ಸ್ವಭಾವ. ಕರಿ ಮೊಲಿಯನ್ನು ನೋಡಿದರೆ ವಿಜಯಪುರದಲ್ಲಿಯೇ ಹುಟ್ಟಿ ಬೆಳೆದದ್ದೆನ್ನಬೇಕು: ಬಿಸಿಲಿಗೆ ಬಗ್ಗದು, ಸವಳಿಗೆ ಜಗ್ಗದು, ತಿಂಗಳು ತಿಂಗಳಿಗೆ ಮರಿ ಹಾಕುತ್ತದೆ. ಟೆಟ್ರಾ, ಏಂಜೆಲ್, ಡಿಸ್ಕಸ್‌ಗಳ ಮನೆತನ ಬೇರೆ. ಅಮೆಜಾನ್ ಕಾಡಿನ ಹಳ್ಳಗಳಲ್ಲಿ ಮಳೆಯ ನೀರೇ ಹರಿಯುತ್ತದೆ. ಎಲೆ ಕೊಳೆತು ಅದಕ್ಕೆ ಚಹಾದ ಬಣ್ಣ ಬಂದಿರುತ್ತದೆ. ಖನಿಜ ಎಂಬುದು ಹೆಸರಿಗೆ ಮಾತ್ರ. ಅಲ್ಲಿಯ ಮೀನನ್ನು ತಂದು ಅಥಣಿ ರಸ್ತೆಯ ಬೋರಿಗೆ ಬಿಟ್ಟರೆ, ಮೈಯೊಳಗಿನ ಉಪ್ಪು-ನೀರಿನ ಲೆಕ್ಕ ಹೊಂದಿಸುವುದರಲ್ಲಿಯೇ ಅದರ ಆಯುಷ್ಯ ಸವೆಯುತ್ತದೆ.

ಮೊಲಿ, ಗಪ್ಪಿ ಸಾಕಿದವರು ಇಷ್ಟಕ್ಕೇ ನಿಶ್ಚಿಂತರಾಗುವ ಹಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಗಾಜಿನ ತೊಟ್ಟಿಯ ನೀರು ಕಣ್ಣೆದುರೇ ಇಳಿಯುತ್ತದೆ. ಇಳಿದಷ್ಟನ್ನು ಬೋರಿನ ನೀರಿನಿಂದ ತುಂಬುತ್ತೇವೆ. ಆವಿಯಾಗಿ ಹೋಗುವುದು ನೀರು ಮಾತ್ರ. ಅದರೊಳಗಿನ ಸುಣ್ಣ, ಉಪ್ಪು ತೊಟ್ಟಿಯಲ್ಲೇ ಠಿಕಾಣಿ ಹೂಡುತ್ತವೆ. ಮತ್ತೆ ತುಂಬಿದಾಗ ಹೊಸ ಸುಣ್ಣ ಸೇರುತ್ತದೆ. ಹೀಗೆ ಬೇಸಿಗೆ ಮುಗಿಯುವ ಹೊತ್ತಿಗೆ ತೊಟ್ಟಿಯೊಳಗಿನದು ಬೋರಿಗಿಂತಲೂ ಸವಳಾಗಿರುತ್ತದೆ. ಗಾಜಿನ ಒಳಮೈ ನೋಡಿದರೆ ಮೇಲಂಚಿನಲ್ಲಿ ಒಂದರ ಕೆಳಗೊಂದು ಬಿಳಿ ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ವಾರದ ಲೆಕ್ಕ. ಬ್ಲೇಡಿನಿಂದ ಕೆರೆದರೆ ಕರಕರ ಸದ್ದು ಮಾಡುತ್ತ ಪುಡಿ ಉದುರುತ್ತದೆ, ಕೆರೆದ ಜಾಗದಲ್ಲಿ ಗಾಜು ಮಸುಕಾಗಿಯೇ ಉಳಿಯುತ್ತದೆ.

ಇದಕ್ಕೆ ಮದ್ದು ಮಳೆನೀರು. ಇಳಿದಷ್ಟು ನೀರನ್ನು ಮಳೆನೀರಿನಿಂದ ತುಂಬಿದರೆ ಸುಣ್ಣ ಹೆಚ್ಚುವುದಿಲ್ಲ. ನಳದ ನೀರಿಗೆ ಹಾಕಿದಂತೆ ಅದಕ್ಕೆ ಕ್ಲೋರಿನ್ ಹಾಕಿರುವುದಿಲ್ಲ. ಒಂದು ದಿನ ತೆರೆದಿಟ್ಟು ವಾಸನೆ ಹೋಗಿಸುವ, ಹೈಪೋ ಹರಳು ಕರಗಿಸುವ ಕೆಲಸ ತಪ್ಪುತ್ತದೆ. ಟೆಟ್ರಾ ಸಾಕಬೇಕೆಂಬ ಆಸೆಯಿದ್ದರೆ ಅದಕ್ಕೂ ದಾರಿಯಾಗುತ್ತದೆ. ಅಂಗಡಿಯ ಹುಡುಗ ಹೇಳಿದ್ದೂ ಇದನ್ನೇ: "ಮಳಿ ನೀರ ಹಿಡದ ಇಡ್ರಿ ಸರ. ಆಮ್ಯಾಲ ಬಂದು ಟೆಟ್ರಾ ಒಯ್ರಿ." ವ್ಯಾಪಾರ ಕೈಬಿಟ್ಟು ಉಪದೇಶ ಮಾಡಿದವನ ಮಾತು ಸುಳ್ಳಿರಲಾರದು ಎಂದುಕೊಂಡು ಮೊಲಿ ಹಿಡಿದು ಮನೆಗೆ ಬಂದು, ಮಳೆಗೆ ಕಾಯುತ್ತ ಕೂತೆ.

ಕೂತಲ್ಲಿಯೇ ಮಳೆ ಬರುವ ಊರು ನಮ್ಮದಲ್ಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಸೆಪ್ಟೆಂಬರಿನದೇ ಸಿಂಹಪಾಲು. ಮಿರಗ ಬರೀ ಗಾಳಿ ಬೀಸಿ ಹೋಗುತ್ತದೆ, ಆರಿದ್ರಾ ಧೂಳಡಗಿಸಿ ಹೋಗುತ್ತದೆ. ಉತ್ತರಿ, ಹಸ್ತ ಬಂದಾಗ ನಿಜವಾದ ನೀರು. ನಡುವಿನ ಬಿಡುವಿನಲ್ಲಿ ಮಾಳಿಗೆಯ ತಯಾರಿ ನಡೆಸಿದೆ. ಆಗಲೇ ಗೊತ್ತಾದದ್ದು, ನಮ್ಮ ಮಾಳಿಗೆ ನಾನು ತಿಳಿದಷ್ಟು ಖಾಲಿ ಇಲ್ಲವೆಂದು. ಒಂದು ಮೂಲೆಯಲ್ಲಿ ಪಾರಿವಾಳದ ಸಂಸಾರ. ಇನ್ನೊಂದು ಮೂಲೆಯಲ್ಲಿ ಹಳೆಯ ಕೂಲರು, ಮುರಿದ ತೊಟ್ಟಿಲು, ಯಾವುದೋ ಚುನಾವಣೆಯ ಫ್ಲೆಕ್ಸು. ನಡುವೆ ಹೆಂಡತಿಯ ಸಂಡಿಗೆ, ಹಪ್ಪಳ, ಮೆಣಸಿನಕಾಯಿ. ಇದನ್ನೆಲ್ಲ ದಾಟಿ ಇಳಿಯುವ ನೀರು ಮೀನಿಗೆ ತಲುಪುವ ಹೊತ್ತಿಗೆ ಸಾರಿನ ಪುಡಿಯಾಗಿರುತ್ತದೆ.

ಎದುರು ಮನೆಯ ಕಾಕಾ ತಮ್ಮ ಕಟ್ಟೆಯ ಮೇಲಿಂದಲೇ ನನ್ನ ಮೇಲ್ವಿಚಾರಣೆ ನಡೆಸಿದರು.

"ಏನೋ ತಮ್ಮಾ, ಮಾಳಗಿ ಮ್ಯಾಲ ಪೈಪ್ ಹಿಡಕೊಂಡ ನಿಂತಿ?"

"ಮಳಿ ನೀರ್ ಹಿಡ್ಯಾವ್ರಿ ಕಾಕಾ. ಮೀನಕ್ಕ."

ಕಾಕಾ ತುಸು ಹೊತ್ತು ಸುಮ್ಮನಿದ್ದು, "ಹೊಲಕ್ಕ ಮಳಿ ಇಲ್ಲ, ಮೀನಕ್ಕ ಮಳಿ ಬೇಕಾತಾ?" ಎಂದು ಅಡಿಕೆ ಕತ್ತರಿಸತೊಡಗಿದರು. ಆಮೇಲೆ ಅವರೇ ಕೆಲಸಕ್ಕೆ ಬರುವ ಮಾತು ಹೇಳಿದರು. ಅವರ ಶೆಡ್ಡಿಗೆ ಪತ್ರಾಸ್ ಹೊದಿಸಿದ್ದಾರೆ. ಅದರ ನೀರು ಬೇಕಾದರೆ ಹಿಡಿದುಕೋ ಎಂದರು. ಪತ್ರಾಸಿಗೆ ಸತುವಿನ ಲೇಪವಿರುತ್ತದೆ. ಆಮ್ಲದ ಗುಣದ ಮಳೆನೀರಿನಲ್ಲಿ ಅದು ಚೂರು ಚೂರೇ ಕರಗಿ ಬರುತ್ತದೆ; ನಮಗೆ ತಿಳಿಯದಷ್ಟು ಸತುವೂ ಮೀನಿನ ಕಿವಿರಿಗೆ ವಿಷ. ಹಾಗಾಗಿ ಕಾಕಾರ ಔದಾರ್ಯವನ್ನು ಗಿಡಗಳ ಪಾಲಿಗೆ ಬಿಟ್ಟೆ. ಹೊಸದಾಗಿ ಹಾಕಿದ ಸ್ಲ್ಯಾಬಿನ ನೀರೂ ಸಲ್ಲ; ಸಿಮೆಂಟಿನ ಸುಣ್ಣ ತೊಳೆದು ಹೋಗಲು ಒಂದೆರಡು ಮಳೆಗಾಲ ಬೇಕು. ತೋಟದ ನಡುವೆ ಮನೆ ಮಾಡಿದವರು ಇನ್ನೊಂದು ನೆನಪಿಡಬೇಕು. ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಗಾಳಿಯಲ್ಲಿ ತೇಲಿ ಬಂದು ಮಾಳಿಗೆಯ ಮೇಲೆ ಕೂತ ಔಷಧಿಯನ್ನು ಮೀನು, ಶಂಖದ ಹುಳು ಎರಡೂ ತಾಳಿಕೊಳ್ಳಲಾರವು. ಔಷಧಿ ಹೊಡೆಯುವ ದಿನಗಳಲ್ಲಿ ನೀರು ಹಿಡಿಯುವ ಡ್ರಮ್ಮಿನ ಮುಚ್ಚಳ ತೆರೆಯಬಾರದು.

ಉಳಿದವರಿಗೆ ನಿಯಮ ಸರಳ. ವರ್ಷದ ಮೊದಲ ಮಳೆಯನ್ನು ಪೂರ್ತಿ ಚರಂಡಿಗೆ ಬಿಡಬೇಕು; ಅದು ಮಳೆಯಲ್ಲ, ಮಾಳಿಗೆಯ ಸ್ನಾನ. ಆಮೇಲೆಯೂ ಪ್ರತಿ ಮಳೆಯ ಮೊದಲ ಹತ್ತು ಹದಿನೈದು ನಿಮಿಷದ ನೀರು ಹೊರಗೆ ಹೋಗಲಿ. ಅನಂತರ ಪೈಪಿನ ಬಾಯಿಗೆ ತೊಳೆದ ಬಿಳಿ ಪಂಚೆಯನ್ನು ಎರಡು ಪದರು ಮಡಿಸಿ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿಗೆ ಬಿಡಬೇಕು. ಮುಚ್ಚಿ, ನೆರಳಲ್ಲಿಡಬೇಕು. ಬಿಸಿಲು ಬಿದ್ದರೆ ಪಾಚಿ, ತೆರೆದಿಟ್ಟರೆ ಸೊಳ್ಳೆ.

ಪಂಚೆ ಕಟ್ಟುವ ಈ ಉಪಾಯ ನನ್ನದೇ ಎಂದು ಬೀಗುತ್ತಿದ್ದೆ. ಸುಶ್ರುತ ಸಂಹಿತೆಯ ದ್ರವದ್ರವ್ಯಗಳ ಅಧ್ಯಾಯ ಕಣ್ಣಿಗೆ ಬಿತ್ತು, ಬೀಗುವುದು ನಿಂತಿತು. ಆಶ್ವಯುಜದ ಮಳೆಯನ್ನು ಹಿಡಿಯುವ ಕ್ರಮವನ್ನು ಅಲ್ಲಿ ವಿವರಿಸಿದೆ: ಶುಭ್ರವಾದ ಬಿಳಿ ಬಟ್ಟೆಯನ್ನು ಹರವಿ ಅದರ ಅಂಚಿನಿಂದ ತೊಟ್ಟಿಕ್ಕುವ ನೀರನ್ನು ಹಿಡಿಯಬೇಕು, ಇಲ್ಲವೆ ಉಪ್ಪರಿಗೆಯ ಮೇಲಿಂದ ಇಳಿಯುವ ನೀರನ್ನು ಹಿಡಿಯಬೇಕು, ಬಂಗಾರ, ಬೆಳ್ಳಿ ಅಥವಾ ಮಣ್ಣಿನ ಪಾತ್ರೆಯಲ್ಲಿ ಇಡಬೇಕು. ಬಂಗಾರ, ಬೆಳ್ಳಿ ಇಲ್ಲದವರಿಗೆ ಮಣ್ಣಿನದಾದರೂ ಇರಲಿ ಎಂದು ವಿನಾಯಿತಿ ಕೊಟ್ಟ ಆ ಋಷಿಗೆ ನಮಸ್ಕಾರ. ಆಶ್ವಯುಜವೆಂದರೆ ನಮ್ಮ ಹಸ್ತ, ಚಿತ್ತಿಯ ಹೊತ್ತು. ಮುಗಿಲು ಅಷ್ಟರಲ್ಲಿ ತೊಳೆದು ಸ್ವಚ್ಛವಾಗಿರುತ್ತದೆ. ನಮ್ಮೂರಿನ ಮಳೆಯ ವೇಳಾಪಟ್ಟಿಗೂ ಇದು ಚೆನ್ನಾಗಿ ಹೊಂದುತ್ತದೆ.

ಅಲ್ಲಿಯೇ ನೀರಿನ ಪರೀಕ್ಷೆಯೂ ಇದೆ. ಬೆಳ್ಳಿಯ ಪಾತ್ರೆಯಲ್ಲಿ ಅನ್ನದ ಮುದ್ದೆಯಿಟ್ಟು ಒಂದು ಮುಹೂರ್ತ ಮಳೆಯಲ್ಲಿ ಬಿಡಬೇಕು. ಅನ್ನ ಹಳಸದೆ, ಬಣ್ಣಗೆಡದೆ ಉಳಿದರೆ ಆ ಮಳೆ ಹಿಡಿಯಲು ಯೋಗ್ಯ. ನಮ್ಮ ಕಾಲದಲ್ಲಿ ಅನ್ನದ ಮುದ್ದೆಯ ಕೆಲಸವನ್ನು ಪೆನ್ನಿನಷ್ಟು ಉದ್ದದ ಟಿಡಿಎಸ್ ಮೀಟರ್ ಮಾಡುತ್ತದೆ. ಫಿಲ್ಟರ್ ಮಾರುವವರು ಮನೆ ಮನೆಗೆ ಹಿಡಿದು ಬಂದು ಹೆದರಿಸುವುದು ಇದನ್ನೇ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆಂದು ಕನಿಕರಿಸುತ್ತದೆ. ಬೋರಿನ ನೀರಿನಲ್ಲಿ ಅದ್ದಿದಾಗ ಮೀಟರ್ ಸಾವಿರ ದಾಟಿ ನಿಂತಿತು. ಮಾಳಿಗೆಯ ನೀರಿನಲ್ಲಿ ಅದ್ದಿದರೆ ಎರಡೇ ಅಂಕಿ. ಮೀಟರ್ ಕೆಟ್ಟಿರಬೇಕೆಂದು ಅಲ್ಲಾಡಿಸಿದೆ. ಮತ್ತೆಯೂ ಅಷ್ಟೇ.

ಇಷ್ಟು ಶುದ್ಧ ನೀರು ಸಿಕ್ಕಿತೆಂದು ತೊಟ್ಟಿಯನ್ನೆಲ್ಲ ಅದರಿಂದಲೇ ತುಂಬಿದರೆ ಮೀನು ಹರಸುವುದಿಲ್ಲ. ಬರೀ ಮಳೆನೀರು ಉಪ್ಪಿಲ್ಲದ ಸಾರಿನ ಹಾಗೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದರ ಪಿಎಚ್ 5.6ರ ಆಸುಪಾಸಿಗೆ ಬಂದಿರುತ್ತದೆ. ಅದನ್ನು ತಡೆದು ಹಿಡಿಯುವ ಕಾರ್ಬೊನೇಟ್ ಅದರಲ್ಲಿಲ್ಲ. ಮೀನಿನ ಹೊಲಸಿನಿಂದ ಆಮ್ಲ ಹೆಚ್ಚುತ್ತ ಹೋದರೆ ಒಂದು ರಾತ್ರಿಯಲ್ಲಿ ಪಿಎಚ್ ಕುಸಿಯಬಹುದು. ಅಮೋನಿಯವನ್ನು ನೈಟ್ರೈಟ್, ನೈಟ್ರೇಟ್ ಮಾಡುತ್ತ ತೊಟ್ಟಿಯ ಪೌರಕಾರ್ಮಿಕರಾಗಿ ದುಡಿಯುವ ಬ್ಯಾಕ್ಟೀರಿಯಾಗಳು ಅಷ್ಟು ಆಮ್ಲದಲ್ಲಿ ಕೆಲಸ ನಿಲ್ಲಿಸುತ್ತವೆ. ಶಂಖದ ಹುಳುವಿನ ಚಿಪ್ಪು ಬಿಳಿಚಿ, ತೂತು ಬೀಳುತ್ತದೆ. ಅತಿ ಮಡಿಯವರ ಮನೆಯಲ್ಲಿ ನೆಂಟರು ನಿಲ್ಲದಿರುವುದಕ್ಕೂ ಇಂಥದೇ ಕಾರಣವಿರಬೇಕು.

ಆದ್ದರಿಂದ ಬೆರಕೆಯೇ ಸರಿ. ನಾವು ಇಷ್ಟು ದಿನ ಬೈದ ಬೋರಿನ ನೀರಿಗೆ ಇಲ್ಲಿ ಮರ್ಯಾದೆ ಬರುತ್ತದೆ. ಮಳೆನೀರಿನಲ್ಲಿ ಇಲ್ಲದ ಸುಣ್ಣ ಇದರಲ್ಲಿ ಧಾರಾಳ. ಗೋಲ್ಡ್‌ಫಿಶ್, ಗಪ್ಪಿಗಳಿಗೆ ಅರ್ಧ ಅದು, ಅರ್ಧ ಇದು. ಟೆಟ್ರಾ, ಏಂಜೆಲ್‌ಗಳಿಗೆ ಮೂರು ಪಾಲು ಮಳೆ, ಒಂದು ಪಾಲು ಬೋರು. ಮೊಲಿಗೆ ಇಳಿದ ನೀರು ತುಂಬಲು ಮಾತ್ರ ಮಳೆನೀರು. ಒಮ್ಮೆಲೇ ಬದಲಿಸದೆ ವಾರಕ್ಕೆ ನಾಲ್ಕರಲ್ಲಿ ಒಂದು ಪಾಲು ಬದಲಿಸಬೇಕು. ಡ್ರಮ್ಮಿನ ನೀರು ತಣ್ಣಗಿರುವುದರಿಂದ ಕೋಣೆಯಲ್ಲಿಟ್ಟು ಹದಕ್ಕೆ ತಂದು ಹಾಕಬೇಕು. ಈ ಪ್ರಮಾಣದಲ್ಲಿ ಬೆರೆಸಿದ ಮೇಲೆ ಅಂಗಡಿಯ ಹುಡುಗ ಟೆಟ್ರಾ ಕೊಟ್ಟ. ಅವು ಈಗಲೂ ಸುಖವಾಗಿವೆ. ಗಾಜಿನ ಮೇಲೆ ಹೊಸ ಬಿಳಿ ಗೆರೆ ಮೂಡಿಲ್ಲ.

ಸುಖವಾಗಿಲ್ಲದವನು ನಾನು. ಡ್ರಮ್ಮಿನ ನೀರಿನ ಮೇಲೆ ನನ್ನ ಅಧಿಕಾರ ಒಂದು ವಾರವೂ ಉಳಿಯಲಿಲ್ಲ. ಹೆಂಡತಿ ಒಂದು ತಂಬಿಗೆ ನೀರು ತೆಗೆದುಕೊಂಡು ತೊಗರಿ ಬೇಳೆ ಬೇಯಿಸಿ ನೋಡಿದಳು. ಮೂರು ಸೀಟಿಗೆ ಬೇಳೆ ಕರಗಿ ಹೋಗಿತ್ತು. ಮರುದಿನ ತಲೆಗೆ ಎರೆದುಕೊಂಡಳು. ಸೀಗೆಪುಡಿ ಅರ್ಧಕ್ಕರ್ಧ ಉಳಿಯಿತಂತೆ. ಅದರ ಮರುದಿನ ಎದುರು ಮನೆಯ ಕಾಕಾ ಚಹಾಕ್ಕೆ ಬಂದು, ಕಪ್ಪು ಕೆಳಗಿಟ್ಟು, "ಏನವ್ವಾ, ಹಾಲ ಬದಲ ಮಾಡೀಯೇನು?" ಎಂದು ವಿಚಾರಿಸಿದರು. ಅಲ್ಲಿಗೆ ತೀರ್ಪು ಬಂದ ಹಾಗಾಯಿತು.

"ಮೀನಕ್ಕ ಮಳಿ ನೀರು, ಮನಿ ಮಂದಿಗೆ ಸವಳ ನೀರು. ಇದು ಯಾವ ಊರ ನ್ಯಾಯರೀ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದರಲ್ಲಿ ಚೌಕಾಸಿಯಿಲ್ಲ. 1200 ಚದರಡಿ ಮಾಳಿಗೆಯೆಂದರೆ 111 ಚದರ ಮೀಟರು. 600 ಮಿಲಿಮೀಟರಿಗೆ 66 ಸಾವಿರ ಲೀಟರಿನ ಮೇಲಾಯಿತು. ತೊಳೆದು ಚೆಲ್ಲಿದ್ದು, ಆರಿದ್ದು, ಸೋರಿದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೂ 53 ಸಾವಿರ ಲೀಟರ್ ಉಳಿಯುತ್ತದೆ. ನನ್ನ ತೊಟ್ಟಿ ಹಿಡಿಯುವುದು 56 ಲೀಟರ್. ಅಂದರೆ ಒಂದು ವರ್ಷದ ಮಳೆಯಲ್ಲಿ ಅಂಥ ಒಂಬೈನೂರಕ್ಕೂ ಹೆಚ್ಚು ತೊಟ್ಟಿಗಳನ್ನು ತುಂಬಬಹುದು. ಇಷ್ಟು ನೀರನ್ನು ಇಷ್ಟು ವರ್ಷ ಪೈಪು ಹಾಕಿ, ಜತನದಿಂದ, ಚರಂಡಿಗೆ ಮುಟ್ಟಿಸಿ, ಆಮೇಲೆ ಟ್ಯಾಂಕರಿಗೆ ಫೋನ್ ಮಾಡುತ್ತ ಬಂದಿದ್ದೇವೆ.

ಈ ಊರಿನಲ್ಲಿ ಕೂತು ಹೀಗೆ ಮಾಡುವುದಕ್ಕೆ ನಾಚಿಕೆಯೂ ಆಗಬೇಕು. ನಮ್ಮ ರಸ್ತೆಯಲ್ಲೇ ಇರುವ ತೊರವಿಯ ಕಡೆಯಿಂದ ಆದಿಲ್‌ಶಾಹಿಗಳು ನೆಲದಡಿ ಸುರಂಗ ಕೊರೆದು ಕೋಟೆಯೊಳಗೆ ನೀರು ತಂದರು. ಸುರಂಗ ಬಾವಡಿ ಇವತ್ತಿಗೂ ಅಲ್ಲಿದೆ. ಕುಮಾರವಾಲ್ಮೀಕಿ ರಾಮಾಯಣ ಬರೆದ ತೊರವೆ, ಎರಡನೆಯ ಇಬ್ರಾಹಿಂ 1599ರಲ್ಲಿ ನವರಸಪುರ ಕಟ್ಟಿಸಲು ತೊಡಗಿದ ಸೀಮೆ, ಈಗ ಮಹಿಳಾ ವಿಶ್ವವಿದ್ಯಾಲಯದ ಊರು, ಎಲ್ಲ ಒಂದೇ. ಬಸ್ಸಿನಲ್ಲಿ ಹೋಗುವವರು ಇತ್ತ ಕಡೆ ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ. ನೀರಿನ ಒತ್ತಡ ಹೆಚ್ಚಿ ಕೊಳವೆ ಒಡೆಯದಿರಲೆಂದು ನಡು ನಡುವೆ ಗಂಜ್ ಎಂಬ ಕಲ್ಲಿನ ಗೋಪುರ ನಿಲ್ಲಿಸಿದ. ಬಬಲೇಶ್ವರ ತಾಲೂಕಿನ ಮಮದಾಪುರದ ಕೆರೆಯೂ ಅವನ ಕಾಲದ್ದೇ, 1633ರದ್ದು. ಮಕ್ಕಾ ದರವಾಜೆಯ ಹತ್ತಿರದ ತಾಜ್ ಬಾವಡಿಗೆ 1620ರ ತೇದಿ. ನದಿಯಿಲ್ಲದ ಊರಿನಲ್ಲಿ ರಾಜಧಾನಿ ಕಟ್ಟಿ, ಬಿದ್ದ ಮಳೆಯನ್ನೇ ಕೂಡಿಟ್ಟು ಅವರು ಆಳಿದರು. ನಾವು ಅವರ ಬಾವಡಿಗಳಲ್ಲಿ ಕಸ ಹಾಕಿ, 2016ರ ನಂತರ ಹೂಳೆತ್ತಿ, ಅವರ ನೀರನ್ನು ಮತ್ತೆ ಕಂಡೆವು.

ಮೀನು ಸಾಕುವುದು ಇಂಗ್ಲಿಷರ ಶೋಕಿ ಎನ್ನುವವರಿದ್ದಾರೆ. ಗಾಜಿನ ತೊಟ್ಟಿ ಅವರದೇ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆದ ಮೇಲೆ ಅದರ ಹುಚ್ಚು ಹಬ್ಬಿತು. ಮೀನಿನ ಮೇಲಿನ ಕುತೂಹಲ ಮಾತ್ರ ನಮ್ಮ ನೆಲದ್ದು. ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ಮೀನಿನ ಜಾತಿಗಳನ್ನು, ಯಾವುದಕ್ಕೆ ಯಾವ ಮೇವೆಂಬುದನ್ನು ವಿವರಿಸಿದ್ದಾನೆ. ಅವನದು ಗಾಳ ಹಾಕುವ ವಿನೋದ, ನಮ್ಮದು ನೋಡುತ್ತ ಕೂಡುವ ವಿನೋದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವಾದ್ದರಿಂದ ಈ ವಿನೋದವೇ ಕ್ಷೇಮ.

ಡ್ರಮ್ಮಿನ ನೀರಿಗೆ ಹೆಂಡತಿ ತೆಗೆದ ಒಂದೇ ಆಕ್ಷೇಪ ಸೊಳ್ಳೆಯದು. ಪದೇ ಪದೇ ಮುಚ್ಚಳ ತೆಗೆದರೆ ಒಳಗೆ ಹುಳು ಆಡತೊಡಗುತ್ತವೆ. ಇದಕ್ಕೆ ಆರೋಗ್ಯ ಇಲಾಖೆಯವರದೇ ಉಪಾಯವಿದೆ. ಮಲೇರಿಯಾ, ಡೆಂಗಿ ತಡೆಯಲು ಅವರು ಬಾವಿ, ಕೆರೆ, ತೊಟ್ಟಿಗಳಲ್ಲಿ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಡುತ್ತಾರೆ. ಅವು ಸೊಳ್ಳೆಯ ಮರಿಗಳನ್ನು ಹುಡುಕಿ ತಿನ್ನುತ್ತವೆ. ನಾನೂ ಗಿಡಕ್ಕೆ ಹಾಕುವ ನೀರಿನ ಸಿಮೆಂಟು ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಬಿಟ್ಟೆ. ಅಡುಗೆಯ ಡ್ರಮ್ಮಿಗೆ ಮಾತ್ರ ಬಿಗಿಯಾದ ಮುಚ್ಚಳ, ಕೆಳಗೊಂದು ನಳ. ಹೀಗೆ ಮೀನಿಗೆಂದು ಹಿಡಿದ ನೀರಿಗೆ ಮೀನೇ ಕಾವಲಾಯಿತು.

ಇದೆಲ್ಲ ಹುಚ್ಚರ ಕೆಲಸ ಎನ್ನುವವರು ಬೆಂಗಳೂರಿನ ಕಡೆ ನೋಡಬೇಕು. ಅಲ್ಲಿಯ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ಎಂಜಿನಿಯರರು 1990ರ ದಶಕದಲ್ಲಿ ಮನೆ ಕಟ್ಟಿ, ಜಲಮಂಡಳಿಯ ನಳ ಹಾಕಿಸದೆ ಮಾಳಿಗೆಯ ನೀರಿನ ಮೇಲೆಯೇ ಸಂಸಾರ ನಡೆಸಿ ತೋರಿಸಿದ್ದಾರೆ. 2009ರಲ್ಲಿ ಬೆಂಗಳೂರಿನ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೂ ಆಯಿತು. ನಮ್ಮ ಮಳೆ ಬೆಂಗಳೂರಿನದಕ್ಕಿಂತ ಕಡಿಮೆ ನಿಜ. ಕಡಿಮೆ ಪಗಾರದವನೇ ಹೆಚ್ಚು ಜೋಪಾನ ಮಾಡಬೇಕಲ್ಲವೆ?

ಮೀನು ಸಾಕುವುದರಿಂದ ವಾಸ್ತು ಸರಿಹೋಗುತ್ತದೆ, ಹಣ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ ಎಂದೆಲ್ಲ ಅಂಗಡಿಯ ಗೋಡೆಯ ಮೇಲೆ ಬರೆದಿರುತ್ತದೆ. ಹಣವಂತೂ ಬಂದಿಲ್ಲ, ರಕ್ತದೊತ್ತಡ ಮೊಮ್ಮಗನ ಕೈಯಲ್ಲಿದೆ. ಒಂದು ಲಾಭ ಮಾತ್ರ ನಿಜ. ಸವಳು ನೀರಿಗೆ ಮನುಷ್ಯ ಗೊಣಗುತ್ತ ಗೊಣಗುತ್ತ ಒಗ್ಗಿಕೊಂಡುಬಿಡುತ್ತಾನೆ. ಬಕೀಟಿನ ಹಕ್ಕಳೆಗೆ, ಬೇಯದ ಬೇಳೆಗೆ, ಟ್ಯಾಂಕರಿನ ಚೀಟಿಗೆ, ಎಲ್ಲಕ್ಕೂ ಒಗ್ಗುತ್ತಾನೆ. ಟೆಟ್ರಾ ಒಗ್ಗುವುದಿಲ್ಲ. ಅದರ ಹಟ ನಮ್ಮನ್ನು ಮಾಳಿಗೆ ಹತ್ತಿಸಿತು, ಅಷ್ಟೇ.

ಮಿರಗ ಕೂಡುವುದು ಜೂನ್ 7-8ಕ್ಕೆ. ಮೀನು ಇರಲಿ ಬಿಡಲಿ, ಅಷ್ಟರೊಳಗೆ ಮಾಳಿಗೆ ಗುಡಿಸಿ, ಪಾರಿವಾಳದ ಗೂಡು ಬದಿಗೆ ಸರಿಸಿ, ಪೈಪಿಗೊಂದು ಅರಿವೆ ಕಟ್ಟಿ, ಕೆಳಗೊಂದು ಡ್ರಮ್ ಇಡಿ. ಮೊದಲ ಮಳೆ ಚರಂಡಿಗೆ ಹೋಗಲಿ. ಎರಡನೆಯದನ್ನು ಹಿಡಿದು, ಮೀನಿದ್ದವರು ಮೀನಿಗೆ ಹಾಕಿ, ಇಲ್ಲದವರು ಬೇಳೆ ಬೇಯಿಸಿ. ದ್ರಾಕ್ಷಿಯವರು ಬೈದರೆ, ಮೋಡ ಕರೆದವರು ನಾವಲ್ಲ, ಬಿದ್ದದ್ದನ್ನು ಹಿಡಿದವರು ಮಾತ್ರ ಎಂದು ಹೇಳಿ.